ಅಟ್ಟದ ಸಾಮಾನು ಮನೆಯೊಳಗೆ ಬರಲಿ: ಹಳೆಯ ವಸ್ತುಗಳ ಆರೈಕೆ ಮತ್ತು ಅಲಂಕಾರಕ್ಕೆ ಸಮಗ್ರ ಮಾರ್ಗದರ್ಶಿ

ಊರಿನ ಮನೆ ಪಾಲಾದಾಗ, ಇಲ್ಲವೇ ಕೆಡವಿ ಹೊಸದು ಕಟ್ಟುವಾಗ ಮೊದಲು ಹೊರಬೀಳುವುದು ಅಟ್ಟದ ಸಾಮಾನು. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಬೀಟೆ ಮರದ ಪೆಟ್ಟಿಗೆ, ಸೇರು, ಪಾವು, ಗಾಜು ಒಡೆದ ಫೋಟೊ ಚೌಕಟ್ಟು. ಅರ್ಧ ಸಾಮಾನು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಉಳಿದದ್ದು ಮಕ್ಕಳ ಫ್ಲ್ಯಾಟಿಗೆ ಬರುತ್ತದೆ. ಬಂದ ಮೇಲೆ ಅದಕ್ಕೆ ಇನ್ನೊಂದು ಗಂಡಾಂತರ ಕಾದಿರುತ್ತದೆ. ಗಸಗಸ ಉಜ್ಜುತ್ತಾರೆ, ಮರಳು ಕಾಗದ ಹಾಕುತ್ತಾರೆ, ಮೇಲೆ ದಪ್ಪಗೆ ವಾರ್ನಿಷ್ ಬಳಿಯುತ್ತಾರೆ.

ಐವತ್ತು, ಎಂಬತ್ತು ವರ್ಷ ಬಾಳಿದ ವಸ್ತುವಿಗೆ ಹೊಸದರ ಹೊಳಪು ಬೇಕಿಲ್ಲ. ಅದು ಇನ್ನಷ್ಟು ಹಾಳಾಗದಂತೆ ತಡೆದರೆ ಸಾಕು. ಕೆಳಗೆ ಬರೆದಿರುವ ಎಲ್ಲ ವಿಧಾನಗಳಲ್ಲೂ ಕೊಳೆ ಹೋಗಬೇಕು, ಬಳಕೆಯ ಗುರುತು ಉಳಿಯಬೇಕು ಅನ್ನುವುದೇ ಲೆಕ್ಕ.

ಮುಟ್ಟುವ ಮೊದಲು: ಇದು ಏನು?

ಮನೆಗೆ ತಂದ ದಿನವೇ ತೊಳೆಯಲು ಕೂರಬೇಡಿ. ಮೊದಲು ಒಳ್ಳೆ ಬೆಳಕಿನಲ್ಲಿ ಎಲ್ಲ ಬದಿಯಿಂದ ಫೋಟೊ ತೆಗೆಯಿರಿ. ತಳ, ಒಳಭಾಗ, ಹಿಂಬದಿ ಸೇರಿಸಿ. ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಇರುತ್ತದಲ್ಲ, ಮದುವೆಗೋ ಗೃಹಪ್ರವೇಶಕ್ಕೋ ಕೊಟ್ಟವರದು, ಅದನ್ನು ಓದಿ ಬರೆದಿಟ್ಟುಕೊಳ್ಳಿ. ಮತ್ತೆ ಮತ್ತೆ ಉಜ್ಜಿದರೆ ಮೊದಲು ಮಾಸುವುದು ಆ ಅಕ್ಷರಗಳೇ.

ಆಮೇಲೆ ಲೋಹ ಯಾವುದು ಎಂದು ಪರೀಕ್ಷಿಸಿ. ಒಂದು ಅಯಸ್ಕಾಂತ ಇದ್ದರೆ ಅರ್ಧ ಕೆಲಸ ಮುಗಿಯಿತು. ಹಿತ್ತಾಳೆ, ತಾಮ್ರ, ಕಂಚು ಯಾವುದೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಅದು ಕಬ್ಬಿಣ, ಮೇಲೆ ಹಿತ್ತಾಳೆಯ ಲೇಪ ಇದೆ ಎಂದರ್ಥ. ಉಜ್ಜಿದರೆ ಲೇಪವೇ ಕಿತ್ತುಬರುತ್ತದೆ. ತಾಮ್ರದ್ದು ಕೆಂಪು ಬಣ್ಣ. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಕಂಚನ್ನು ಬೆರಳಿನಿಂದ ತಟ್ಟಿದರೆ ನಾದ ತುಂಬ ಹೊತ್ತು ನಿಲ್ಲುತ್ತದೆ. ಆದರೆ ಕಂಚು ಪೆಡಸು. ಕೈಜಾರಿ ಬಿದ್ದರೆ ಸೀಳುತ್ತದೆ.

ಮರದ ಸಾಮಾನಾದರೆ ಮೇಲಿನ ಪಾಲಿಶ್ ಯಾವುದೆಂದು ತಿಳಿಯಬೇಕು. ಕಣ್ಣಿಗೆ ಬೀಳದ ಮೂಲೆಯಲ್ಲಿ, ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ ಮೆಲ್ಲಗೆ ಮುಟ್ಟಿಸಿ. ಆ ಜಾಗ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂದರೆ ಅದು ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಅಂಥ ಮೇಜಿನ ಮೇಲೆ ಸ್ಯಾನಿಟೈಸರ್, ಸೆಂಟು, ಬಿಸಿ ಕಾಫಿ ಲೋಟ ಯಾವುದನ್ನೂ ಇಡಬಾರದು. ಸ್ಪಿರಿಟ್ ತಗುಲಿದರೆ ಪಾಲಿಶ್ ಕರಗುತ್ತದೆ, ಬಿಸಿ ತಾಗಿದರೆ ಬೆಳ್ಳಗಿನ ವೃತ್ತ ಮೂಡುತ್ತದೆ. ಚನ್ನಪಟ್ಟಣದ ಹಳೆಯ ಗೊಂಬೆಗಳಿಗೂ ಇದೇ ಮಾತು. ಹಾಲೆ ಮರದ ಮೇಲೆ ಬಣ್ಣದ ಅರಗನ್ನು ಬಿಸಿಯಲ್ಲೇ ಹತ್ತಿಸಿ, ತಾಳೆಗರಿಯಿಂದ ಹೊಳಪು ಕೊಟ್ಟಿರುತ್ತಾರೆ. ಅವಕ್ಕೆ ಒಣಬಟ್ಟೆ ಸಾಕು. ಬಿಸಿಲಿನ ಕಿಟಕಿ ಮಾತ್ರ ಬೇಡ.

ಹಳೆಯ ಬಣ್ಣ ಬಳಿದ ಬಾಗಿಲು, ತೊಟ್ಟಿಲು, ಆಟಿಕೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಹಿಂದಿನ ಪೇಂಟುಗಳಲ್ಲಿ ಸೀಸ ಬಳಸುತ್ತಿದ್ದರು. ಒಣಗಿದ್ದಾಗ ಮರಳು ಕಾಗದ ಹಾಕಿ ಉಜ್ಜಿದರೆ ಆ ಧೂಳು ಉಸಿರಿಗೆ ಹೋಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ಈ ಕೆಲಸ ಬೇಡವೇ ಬೇಡ.

ಹಿತ್ತಾಳೆ, ತಾಮ್ರ, ಕಂಚು

ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಮ್ಮ ಮನೆಗಳಲ್ಲಿ ಹೆಚ್ಚು ಉಳಿದಿರುವುದೂ ಇವೇ, ಹೆಚ್ಚು ಹಾಳಾಗುವುದೂ ಇವೇ.

ಮೊದಲು ಜಿಡ್ಡು ತೆಗೆಯಬೇಕು. ದೀಪದ ಕಂಬ, ಆರತಿ ತಟ್ಟೆಗಳ ಸಂದಿಯಲ್ಲಿ ವರ್ಷಗಟ್ಟಲೆ ಎಣ್ಣೆ ಒಣಗಿ ಕಪ್ಪಗೆ ಗಟ್ಟಿಯಾಗಿರುತ್ತದೆ. ಹುಳಿ ಹಾಕಿದರೆ ಅದು ಹೋಗುವುದಿಲ್ಲ. ಬಿಸಿನೀರಿಗೆ ಅಂಟವಾಳದ ರಸ ಅಥವಾ ಪಾತ್ರೆ ತೊಳೆಯುವ ದ್ರವದ ಸೋಪು ಹಾಕಿ, ಅರ್ಧ ಗಂಟೆ ನೆನೆಸಿ. ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಬಿದಿರಿನ ಕಡ್ಡಿಯಿಂದ ಸಂದಿ ಬಿಡಿಸಿ. ಸೂಜಿ, ಚಾಕು, ತಂತಿಯ ಬ್ರಷ್ ಬೇಡ. ತುಂಬ ಗಟ್ಟಿಯಾಗಿದ್ದರೆ ಬಲ ಹಾಕದೆ ಇನ್ನೊಮ್ಮೆ ನೆನೆಸಿ.

ಜಿಡ್ಡು ಹೋದ ಮೇಲೆ ಕೊಂಚ ನಿಂತು ನೋಡಿ. ಸಾಮಾನು ಒಂದೇ ಸಮನೆ ಜೇನಿನ ಬಣ್ಣಕ್ಕೋ ಕಂದು ಬಣ್ಣಕ್ಕೋ ತಿರುಗಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಆ ಬಣ್ಣ ಬರಲು ದಶಕಗಳೇ ಬೇಕು, ಕಳೆಯಲು ಹತ್ತು ನಿಮಿಷ ಸಾಕು. ಅಲಂಕಾರಕ್ಕೆ ಇಡುವ ಹಂಡೆ, ಕೊಪ್ಪರಿಗೆ, ಗಿಂಡಿಗಳಿಗೆ ಆ ಕಂದೇ ಚಂದ ಎನ್ನುವುದು ನನ್ನ ಅಭಿಪ್ರಾಯ. ದಿನವೂ ಹಚ್ಚುವ ದೀಪ, ಪೂಜೆಯ ಪಾತ್ರೆಗಳನ್ನು ಮಾತ್ರ ಬೆಳಗಿ.

ಬೆಳಗುವುದಕ್ಕೆ ಹುಣಸೆಹಣ್ಣಿಗಿಂತ ಒಳ್ಳೆಯದು ಬೇಕಿಲ್ಲ. ಆದರೆ ಕ್ರಮ ಮುಖ್ಯ. ನೆನೆಸಿ ಕಿವುಚಿ, ನಾರು, ಬೀಜ ತೆಗೆದ ಗಟ್ಟಿ ರಸವನ್ನು ಬಟ್ಟೆಯಿಂದ ಸವರಿ. ಹುಣಸೆಯ ಹುಳಿ ಲೋಹದ ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ. ಐದು ನಿಮಿಷದಲ್ಲಿ ಅದರ ಕೆಲಸ ಮುಗಿದಿರುತ್ತದೆ. ಹಚ್ಚಿ ಮರೆತು ಬೇರೆ ಕೆಲಸಕ್ಕೆ ಹೋಗಬೇಡಿ. ರಾತ್ರಿಯಿಡೀ ಹುಳಿಯಲ್ಲಿ ನೆನೆಸಿದ ಹಿತ್ತಾಳೆಯಿಂದ ಸತು ಕರಗಿ ಹೋಗಿ, ಮೇಲೆ ತಾಮ್ರ ಉಳಿದು, ಅಲ್ಲಲ್ಲಿ ಗುಲಾಬಿ ಬಣ್ಣದ ಕಲೆ ಕಾಣುತ್ತದೆ. ಹಾಗೆ ಹೋದ ಸತು ವಾಪಸ್ ಬರುವುದಿಲ್ಲ.

ಉಪ್ಪು ಸೇರಿಸಿದರೆ ಬೇಗ ಬೆಳಗುತ್ತದೆ, ನಿಜ. ಆದರೆ ಸಂದಿಯಲ್ಲಿ ಉಳಿದ ಉಪ್ಪಿನಿಂದಲೇ ಮುಂದೆ ಹಸಿರು ಕಿಲುಬು ಹುಟ್ಟುತ್ತದೆ. ನಯವಾದ ತಟ್ಟೆ, ಚೊಂಬಿಗೆ ಬಳಸಿ, ಕೆತ್ತನೆ ಇರುವ ವಿಗ್ರಹ, ದೀಪಗಳಿಗೆ ಉಪ್ಪು ಬೇಡ. ಇಟ್ಟಿಗೆ ಪುಡಿ, ರಂಗೋಲಿ ಪುಡಿ, ಸ್ಟೀಲ್ ನಾರು ಯಾವುದನ್ನೂ ಬಳಸಬೇಡಿ. ಬರಿಗಣ್ಣಿಗೆ ಕಾಣದ ಗೀರು ಬೀಳುತ್ತವೆ, ಆ ಗೀರುಗಳಲ್ಲಿ ಮುಂದಿನ ಸಲ ಕೊಳೆ ಬೇಗ ಕೂರುತ್ತದೆ. ಕೊನೆಯ ಹೊಳಪಿಗೆ ಒಣ ವಿಭೂತಿ ಮತ್ತು ಮೆತ್ತನೆಯ ಹತ್ತಿಬಟ್ಟೆ ಸಾಕು. ಹಳಬರು ಮಾಡುತ್ತಿದ್ದದ್ದೂ ಅದೇ.

ತೊಳೆಯುವುದರಷ್ಟೇ ಒಣಗಿಸುವುದೂ ಮುಖ್ಯ. ಧಾರಾಳ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ, ತಕ್ಷಣ ಒರೆಸಿ, ಹತ್ತು ನಿಮಿಷ ಬಿಸಿಲಿಗಿಡಿ. ಗಡಸು ನೀರಿನ ಊರಾದರೆ ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ಜಾಲಿಸಿ, ಬಿಳಿ ಚುಕ್ಕಿ ಬೀಳುವುದಿಲ್ಲ. ಬರೀ ನೋಡಲು ಇಡುವ ಸಾಮಾನಿಗೆ ಒಂದು ಚೂರು ಜೇನುಮೇಣದ ಪಾಲಿಶ್ ಸವರಿ, ಒರೆಸಿಬಿಡಿ. ಗಾಳಿಯ ತೇವ ನೇರ ತಾಗದೆ ಆರು ತಿಂಗಳಾದರೂ ಬಣ್ಣ ನಿಲ್ಲುತ್ತದೆ. ಅಂಗಡಿಯವರು ಮೇಲೆ ಲ್ಯಾಕರ್ (ಬಣ್ಣವಿಲ್ಲದ ಮೆರುಗಿನ ಲೇಪ) ಹೊಡೆದು ಕೊಡುತ್ತೇವೆ ಎಂದರೆ, ಉರಿ ಹಚ್ಚುವ ದೀಪಕ್ಕೆ ಒಪ್ಪಬೇಡಿ. ಅದು ಬಿಸಿಗೆ ಸುಟ್ಟು ಹಳದಿಯಾಗಿ ಸಿಪ್ಪೆ ಏಳುತ್ತದೆ.

ಹಸಿರು ಪುಡಿ ಉದುರುತ್ತಿದ್ದರೆ ಅದು ಬೇರೆ ಕಾಯಿಲೆ. ಒರೆಸಿದ ಜಾಗದಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ಹಸಿರು ಬಂದರೆ ಲೋಹ ಒಳಗಿನಿಂದ ಸವೆಯುತ್ತಿದೆ ಎಂದರ್ಥ. ಅದನ್ನು ಉಳಿದ ಸಾಮಾನಿನಿಂದ ಬೇರೆ ಇಡಿ, ಪೂರ್ತಿ ಒಣ ಜಾಗದಲ್ಲಿ. ಬೆಲೆಯುಳ್ಳ ವಿಗ್ರಹವಾದರೆ ತಜ್ಞರಿಗೆ ತೋರಿಸಿ.

ಅಡುಗೆಗೆ ಬಳಸುವುದಾದರೆ ಕಲಾಯಿ, ಅಂದರೆ ಒಳಗೆ ತವರದ ಲೇಪ, ಬೇಕೇ ಬೇಕು. ಹುಳಿ ಸಾರು, ಮಜ್ಜಿಗೆ ಹುಳಿ, ಉಪ್ಪಿನಕಾಯಿ ಇವನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಇಟ್ಟರೆ ಲೋಹ ಆಹಾರಕ್ಕೆ ಇಳಿಯುತ್ತದೆ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರವನ್ನು ಕರಗಿಸಿ ಬಟ್ಟೆಯಿಂದ ಒಳಗೆಲ್ಲ ಎಳೆಯುತ್ತಾರೆ. ನವಸಾಗರ ಲೋಹದ ಮೇಲ್ಮೈಯನ್ನು ಶುದ್ಧ ಮಾಡುವುದರಿಂದಲೇ ತವರ ಹಿಡಿಯುತ್ತದೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಹಾಗಾಗಿ ಕಲಾಯಿ ಪಾತ್ರೆಯನ್ನು ಖಾಲಿ ಒಲೆಯ ಮೇಲಿಡಬಾರದು. ನೀರೋ ಎಣ್ಣೆಯೋ ಹಾಕಿದ ಮೇಲೆಯೇ ಉರಿ ಹಚ್ಚಿ, ಮರದ ಸೌಟು ಬಳಸಿ. ಒಳಗೆ ಕೆಂಪೋ ಹಳದಿಯೋ ಇಣುಕಿದರೆ ಮತ್ತೆ ಕಲಾಯಿಗೆ ಕೊಡಿ. ಕಲಾಯಿ ಹಾಕುವವರು ಕಡಿಮೆಯಾಗುತ್ತಿದ್ದಾರೆ. ನಿಮ್ಮ ಊರಲ್ಲಿ ಒಬ್ಬರಿದ್ದರೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಪಾತ್ರೆ ಒಟ್ಟು ಮಾಡಿ ಕೊಡಿ. ಅವರಿಗೂ ಒಂದು ದಿನದ ಕೆಲಸ ಸಿಗುತ್ತದೆ.

ಬಿದ್ರಿ ಬೇರೆಯೇ ಜಾತಿ

ಬೀದರಿನ ಹೂದಾನಿ, ಹುಕ್ಕಾ ಬುಡ, ಎಲೆಯಡಿಕೆ ಡಬ್ಬಿ ಮನೆಯಲ್ಲಿದ್ದರೆ ಮೇಲೆ ಹೇಳಿದ ಯಾವುದನ್ನೂ ಅದಕ್ಕೆ ಮಾಡಬೇಡಿ. ಬಿದ್ರಿಯ ಒಡಲು ಬಹುಪಾಲು ಸತು, ಸ್ವಲ್ಪ ಮಾತ್ರ ತಾಮ್ರ. ಬೆಳ್ಳಿಯ ಕುಸುರಿ ಕೂರಿಸಿದ ಮೇಲೆ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಸೇರಿಸಿದ ಬಿಸಿ ದ್ರಾವಣದಲ್ಲಿ ಅದ್ದುತ್ತಾರೆ. ಒಡಲು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಆ ಕಪ್ಪು ತೆಳ್ಳನೆಯ ಪದರ ಅಷ್ಟೇ. ಹುಣಸೆ, ನಿಂಬೆ, ಬೆಳ್ಳಿ ಪಾಲಿಶ್ ಏನು ತಾಗಿದರೂ ಅದು ಬೂದು ಬಣ್ಣಕ್ಕೆ ತಿರುಗುತ್ತದೆ.

ಒಣ ಮೆತ್ತನೆ ಬಟ್ಟೆಯಿಂದ ಧೂಳು ಒರೆಸಿ. ವರ್ಷಕ್ಕೆ ಒಂದೆರಡು ಸಲ ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಸವರಿ, ಒಂದು ಗಂಟೆ ಬಿಟ್ಟು ಪೂರ್ತಿ ಒರೆಸಿ. ಕಪ್ಪು ಗಾಢವಾಗುತ್ತದೆ, ಬೆಳ್ಳಿ ಎದ್ದು ಕಾಣುತ್ತದೆ. ಬಿದ್ರಿ ಹೂದಾನಿಯಲ್ಲಿ ನೀರು ಹಾಕಿ ಹೂ ಇಡಬೇಡಿ. ಅಷ್ಟು ಬೇಕಾದರೆ ಒಳಗೆ ಗಾಜಿನ ಲೋಟ ಇಡಿ.

ಮರ: ಎಣ್ಣೆಗೆ ಕೈ ಹಾಕುವ ಮೊದಲು

ಹಳೆ ಮರ ಕಂಡ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ. ಮೇಲೆಯೇ ನಿಂತು ಧೂಳು ಹಿಡಿದು ಜಿಗುಟಾಗುತ್ತದೆ, ಕಮಟು ವಾಸನೆಯೂ ಬರುತ್ತದೆ. ಮೇಜು, ಕುರ್ಚಿ, ಪೆಟ್ಟಿಗೆಗೆ ಅದು ಬೇಡ.

ಹೀಗೆ ಮಾಡಿ. ಪೇಂಟ್ ಹೊಡೆಯುವ ಹೊಸ ಮೆತ್ತನೆಯ ಬ್ರಷ್‌ನಿಂದ ಕೆತ್ತನೆಯ ಧೂಳು ತೆಗೆಯಿರಿ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಮೆತ್ತನೆ ಸೋಪು ಹಾಕಿ, ಬಟ್ಟೆ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ ಒರೆಸಿ. ಹಿಂದೆಯೇ ಒಣಬಟ್ಟೆಯಿಂದ ಒರೆಸಿ. ಒಂದು ಸಲಕ್ಕೆ ಒಂದು ಅಂಗೈ ಅಗಲದ ಜಾಗ. ಬೀಟೆ ಮರದ ಮೈಸೂರು ಇನ್‌ಲೇ ಕೆಲಸವಾದರೆ ನೀರೇ ಬೇಡ. ಬೇರೆ ಬೇರೆ ಮರದ ತುಂಡುಗಳು ತೇವಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ, ಕೂರಿಸಿದ ತುಣುಕು ಎದ್ದುಬರುತ್ತದೆ.

ಎರಡು ದಿನ ಒಣಗಲು ಬಿಟ್ಟು ಮೇಣ ಹಚ್ಚಿ. ಮನೆಯಲ್ಲೇ ಮಾಡಿಕೊಳ್ಳಬಹುದು. 100 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಅದು ಸುಮಾರು 62ರಿಂದ 64 ಡಿಗ್ರಿಗೆ ಕರಗುತ್ತದೆ, ನೇರ ಉರಿ ಬೇಕಿಲ್ಲ. ಪಾತ್ರೆಯನ್ನು ಅಡುಗೆಮನೆಯಿಂದ ಹೊರಗೆ ತಂದ ಮೇಲೆ 250 ಮಿಲಿಲೀಟರ್ ಟರ್ಪೆಂಟೈನ್ ಸೇರಿಸಿ ಕಲಕಿ. ಟರ್ಪೆಂಟೈನ್ ಬೇಗ ಬೆಂಕಿ ಹಿಡಿಯುತ್ತದೆ, ಒಲೆ ಹತ್ತಿರ ಸುಳಿಯಲೇಬಾರದು. ಆರಿದಾಗ ಬೆಣ್ಣೆಯ ಹದಕ್ಕೆ ಬರುತ್ತದೆ. ತೆಳ್ಳಗೆ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಬೆರಳ ಗುರುತು ಬೀಳದ ತನಕ ಉಜ್ಜಿ. ವರ್ಷಕ್ಕೊಮ್ಮೆ ಸಾಕು.

ಪೂರ್ತಿ ಒಣಗಿ ಬಿಳಿಚಿದ, ಪಾಲಿಶ್ ಏನೂ ಉಳಿದಿಲ್ಲದ ಒನಕೆ, ಮಣೆ, ಕಂಬಗಳಿಗೆ ಅಗಸೆ ಎಣ್ಣೆ ಹಚ್ಚಬಹುದು. ಅದು ಗಾಳಿ ಸೇರಿ ಗಟ್ಟಿಯಾಗುವ ಎಣ್ಣೆ. ಆದರೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿ ಹುಟ್ಟಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿ ಬಿಸಾಡಿ.

ಕೀಲು ಸಡಿಲವಾದರೆ ಕೈಗೆ ಸಿಕ್ಕ ಅಂಟು, ಮೊಳೆ ಎರಡೂ ಬೇಡ. ಹಳೆಯ ಕೀಲುಗಳಿಗೆ ಬಹಳ ಕಡೆ ಪ್ರಾಣಿಜನ್ಯ ಸರೇಸಿನ ಅಂಟು ಹಾಕಿರುತ್ತಾರೆ. ಬಿಸಿನೀರು ತಗುಲಿಸಿದರೆ ಅದು ಸಡಿಲವಾಗುತ್ತದೆ, ಮತ್ತೆ ಅದೇ ಅಂಟಿನಿಂದ ಕೂರಿಸಬಹುದು. ಮೊಳೆ ಹೊಡೆದರೆ ಆ ಜಾಗದಲ್ಲಿ ಮರ ಸೀಳುತ್ತದೆ. ಹಳೆಯ ಸ್ಕ್ರೂ, ಹಿಡಿ, ಬೀಗದ ಚಿಲಕ ತುಕ್ಕು ಹಿಡಿದಿದ್ದರೂ ಎಸೆಯಬೇಡಿ. ಸ್ವಲ್ಪ ಎಣ್ಣೆ ಹಾಕಿ ಬಿಡಿಸಿ, ಒರೆಸಿ, ಅವನ್ನೇ ಹಾಕಿ.

ಬೆತ್ತದ ಕುರ್ಚಿಯ ಸೀಟು ಜೋತುಬಿದ್ದಿದೆಯೇ? ಹರಿದಿಲ್ಲದಿದ್ದರೆ ಸುಲಭ. ಕುರ್ಚಿ ಬೋರಲು ಹಾಕಿ, ಬೆತ್ತದ ಕೆಳಬದಿಗೆ ಬಿಸಿನೀರಿನ ಬಟ್ಟೆ ಒತ್ತಿ ಚೆನ್ನಾಗಿ ನೆನೆಸಿ. ಚೌಕಟ್ಟಿಗೆ ನೀರು ತಾಗದಿರಲಿ. ಒಂದು ರಾತ್ರಿ ನೆರಳಲ್ಲಿ ಒಣಗಿದರೆ ಬೆತ್ತ ಬಿಗಿಯುತ್ತದೆ.

ಕುಟ್ಟೆ ಹುಳ, ಗೆದ್ದಲು, ಬೂಷ್ಟು

ಸಾಮಾನಿನ ಕೆಳಗೆ ಕಪ್ಪು ಕಾಗದ ಹಾಸಿ. ಒಂದು ವಾರದಲ್ಲಿ ಅದರ ಮೇಲೆ ಗೋಧಿಹಿಟ್ಟಿನಂಥ ಹೊಸ ಪುಡಿ ಬಿದ್ದರೆ ಹುಳ ಒಳಗೆ ಜೀವಂತ ಇದೆ. ಪುಡಿ ಇಲ್ಲದ ಬರೀ ತೂತು ಹಳೆಯ ಕಥೆ, ಗಾಬರಿ ಬೇಡ. ಹುಳ ಇದ್ದರೆ ಅಂಗಡಿಯಲ್ಲಿ ಸಿಗುವ ಮರದ ಹುಳದ ಔಷಧಿಯನ್ನು ಸಿರಿಂಜಿನಿಂದ ಒಂದೊಂದೇ ತೂತಿಗೆ ಬಿಟ್ಟು, ಮೇಣದಿಂದ ಮುಚ್ಚಿ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಬಣ್ಣ, ಅರಗು ಇಲ್ಲದ ಚಿಕ್ಕ ಮರದ ವಸ್ತುವಾದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟರೂ ಹುಳ ಸಾಯುತ್ತದೆ. ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹೊರಗಿಡಿ, ಇಲ್ಲದಿದ್ದರೆ ಮರದ ಮೇಲೆ ನೀರಿನ ಹನಿ ಕೂರುತ್ತದೆ.

ಮಲೆನಾಡು, ಕರಾವಳಿಯಲ್ಲಿ ದೊಡ್ಡ ಶತ್ರು ಮಳೆಗಾಲದ ತೇವ. ಪೆಟ್ಟಿಗೆ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಹೊರಗೋಡೆಗೆ, ಬಚ್ಚಲ ಗೋಡೆಗೆ ತಾಗಿಸಲೇಬೇಡಿ. ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆ ಇದ್ದರೆ ನೆಲ ಒರೆಸಿದ ನೀರು ಮರಕ್ಕೆ ಏರುವುದಿಲ್ಲ. ಬೂಷ್ಟು ಬಂದರೆ ಮನೆಯ ಹೊರಗೆ ಒಣ ಬ್ರಷ್‌ನಿಂದ ತೆಗೆದು, ನೆರಳಲ್ಲಿ ಗಾಳಿಗಿಡಿ. ಕಲಬುರಗಿ, ರಾಯಚೂರು ಕಡೆ ಸಮಸ್ಯೆ ತಿರುಗುಮುರುಗು. ಅಲ್ಲಿ ಬೇಸಿಗೆಯ ಒಣಗಾಳಿಗೆ ಮರ ಬಿರಿಯುತ್ತದೆ. ಕೂಲರ್, ಎಸಿ ಗಾಳಿ ನೇರ ಬೀಳದ ಜಾಗ ಹುಡುಕಿ.

ಫೋಟೊ, ಚಿತ್ರ, ಸೀರೆ

ಹಳೆಯ ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಚಿತ್ರ ಗಾಜಿನ ಮೇಲೆಯೇ ಉಳಿದುಬಿಡುತ್ತದೆ. ಗಾಜಿನ ಸಮೇತ ಒಳ್ಳೆ ಕ್ಯಾಮೆರಾದಲ್ಲಿ ತೆಗೆದು, ಅದರ ಪ್ರತಿಯನ್ನು ಗೋಡೆಗೆ ಹಾಕಿ. ಮೂಲವನ್ನು ಕತ್ತಲಲ್ಲಿ, ಒಣ ಜಾಗದಲ್ಲಿ ಮಲಗಿಸಿಡಿ. ಬಿಡಿ ಫೋಟೊಗಳನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಹಿಂಬದಿಯಲ್ಲಿ ಸ್ಟುಡಿಯೊ ಸೀಲು, ಕೈಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಫೋಟೊದಲ್ಲಿರುವವರ ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಕೂತು ಬರೆದುಕೊಳ್ಳಿ. ಈ ಇಡೀ ಬರಹದಲ್ಲಿ ನಾಳೆಗೆ ಮುಂದೂಡಬಾರದ ಕೆಲಸ ಇದೊಂದೇ.

ಮೈಸೂರು ಚಿತ್ರಕಲೆಯ ಪಟವಿದ್ದರೆ ಗಾಜಿನ ಹೊರಗಷ್ಟೇ ಒರೆಸಿ, ಅದೂ ಒಣಬಟ್ಟೆಯಲ್ಲಿ. ಉಬ್ಬಿದ ಆಭರಣದ ಕೆಲಸ, ಅದರ ಮೇಲಿನ ಚಿನ್ನದ ರೇಕು ಬಹಳ ನಾಜೂಕು. ಚಿನ್ನ ಏಳುತ್ತಿದ್ದರೆ ಸ್ಥಳೀಯ ಫ್ರೇಮ್ ಅಂಗಡಿಗೆ ಕೊಡಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇನ್‌ಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ. ಅಂಥವರಿಗೆ ಮೊದಲು ಫೋಟೊ ತೋರಿಸಿ ಕೇಳಿ.

ಅಜ್ಜಿಯ ರೇಷ್ಮೆ ಸೀರೆಯನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಅಲ್ಲೇ ಸೀಳುತ್ತದೆ. ಒಗೆದು ಮೆತ್ತಗಾದ ಹಳೆಯ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರ್ ಬೇಡ. ನ್ಯಾಫ್ತಲೀನ್ ಗುಳಿಗೆ ಜರಿಗೆ ತಾಗಬಾರದು. ಇಳಕಲ್ ಸೀರೆಯಲ್ಲಿ ಮೈಯ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ತೂಗುಹಾಕುವಾಗ ಆ ಜಾಗಕ್ಕೆ ಭಾರ ಬೀಳದ ಹಾಗೆ ನೋಡಿಕೊಳ್ಳಿ. ಸೆರಗನ್ನು ಫ್ರೇಮ್ ಮಾಡಿಸುವುದಾದರೆ ಅಂಟಿಸಬೇಡಿ, ಹತ್ತಿಬಟ್ಟೆಯ ಮೇಲೆ ಸಣ್ಣ ಹೊಲಿಗೆ ಹಾಕಿಸಿ. ಗಾಜಿಗೂ ಬಟ್ಟೆಗೂ ನಡುವೆ ಜಾಗ ಬಿಡಿಸಿ.

ಗಡಿಯಾರ ಮತ್ತು ರೇಡಿಯೊ

ಎಚ್‌ಎಂಟಿ ಕೈಗಡಿಯಾರ ಇಲ್ಲದ ಮನೆ ಕಡಿಮೆ ಅಲ್ವಾ? ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಕೆಲಸ ಅದು. ಕೀಲಿ ಕೊಡುವ ಗಡಿಯಾರ ವರ್ಷಗಟ್ಟಲೆ ನಿಂತಿದ್ದರೆ ಒಳಗಿನ ಎಣ್ಣೆ ಒಣಗಿರುತ್ತದೆ. ಬಲವಂತವಾಗಿ ಕೀಲಿ ಕೊಡದೆ ಮೊದಲು ಸರ್ವಿಸ್ ಮಾಡಿಸಿ. ಡಯಲ್ ಮಾಸಿದ್ದರೂ ಮೂಲದ್ದೇ ಇರಲಿ ಎಂದು ರಿಪೇರಿಯವರಿಗೆ ಮೊದಲೇ ಹೇಳಿ. ಹೊಸ ಬಣ್ಣ ಹೊಡೆದ ಡಯಲ್ ಹಾಕಿಬಿಡುವುದು ಈಗ ತುಂಬ ಸಾಮಾನ್ಯ.

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದ ನಾಡು ನಮ್ಮದು. ಹಾಗಾಗಿ ಹಳೆಯ ವಾಲ್ವ್ ರೇಡಿಯೊಗೆ ನಡುಮನೆಯಲ್ಲಿ ಜಾಗ ಕೊಡಲೇಬೇಕು ಎನಿಸುತ್ತದೆ ನನಗೆ. ಆದರೆ ಅಟ್ಟದಿಂದ ಇಳಿಸಿ ನೇರವಾಗಿ ಪ್ಲಗ್ ಹಾಕಬೇಡಿ. ಒಳಗಿನ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗಗಳು, ಕೆಟ್ಟಿರುತ್ತವೆ. ಹೊಗೆ ಏಳಬಹುದು, ಟ್ರಾನ್ಸ್‌ಫಾರ್ಮರ್ ಸುಡಬಹುದು. ತಿಳಿದವರು ಕೆಪಾಸಿಟರ್ ಬದಲಿಸಿ, ಸರಣಿಯಲ್ಲಿ ಬಲ್ಬ್ ಜೋಡಿಸಿ ಪರೀಕ್ಷಿಸುತ್ತಾರೆ. ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ನಿಂತಿರಬಹುದು. ಸುಮ್ನೆ ಕೈ ಹಾಕಬೇಡಿ.

ಈಗ ಎಲ್ಲಿ, ಹೇಗೆ ಇಡುವುದು?

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ, ಇಲ್ಲವೇ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಒಮ್ಮೆ ಹೋಗಿ ಬನ್ನಿ. ಯಾವ ವಸ್ತು ಎಷ್ಟು ಎತ್ತರದಲ್ಲಿ, ಯಾವ ಬೆಳಕಿನಲ್ಲಿ ಚಂದ ಕಾಣುತ್ತದೆ ಎಂದು ಅಲ್ಲಿ ಕಣ್ಣಾರೆ ನೋಡಬಹುದು. ಆದರೆ ಮನೆಯನ್ನು ಮ್ಯೂಸಿಯಂ ಮಾಡಲು ಹೋಗಬೇಡಿ. ಫ್ಲ್ಯಾಟಿನ ಒಂದು ಕೋಣೆಗೆ ಒಂದು ದೊಡ್ಡ ಸಾಮಾನು ಸಾಕು. ನಡುಮನೆಯಲ್ಲಿ ಮರದ ಪೆಟ್ಟಿಗೆ ಇಟ್ಟರೆ ಹಂಡೆ ಬಾಗಿಲ ಬಳಿ ಇರಲಿ. ಉಳಿದವು ಒಳಗಿರಲಿ, ಹಬ್ಬಕ್ಕೊಮ್ಮೆ ಬದಲಿಸಿ.

ಚಿಕ್ಕ ವಸ್ತುಗಳನ್ನು ಚೆಲ್ಲಾಪಿಲ್ಲಿ ಇಟ್ಟರೆ ಗುಜರಿ ಅಂಗಡಿಯ ಹಾಗೆ ಕಾಣುತ್ತದೆ. ಒಂದೇ ಕುಟುಂಬದ ವಸ್ತುಗಳನ್ನು ಸೇರಿಸಿ. ಸೇರು, ಅಚ್ಚೇರು, ಪಾವು, ಚಟಾಕುಗಳನ್ನು ಇಳಿಜಾರು ಸಾಲಿನಲ್ಲಿ ಇಡಿ. ಕಡೆಗೋಲು, ಒನಕೆ, ಲಟ್ಟಣಿಗೆ ಒಂದು ಗೋಡೆಗೆ. ಪಾವಿನೊಳಗೆ ಪೆನ್ನು ಇಡಿ, ಚನ್ನೆಮಣೆಯನ್ನು ಮೇಜಿನ ಮೇಲೆ ಕವಡೆ, ಹುಣಸೆಬೀಜದ ಸಮೇತ ಇಡಿ. ಬಂದ ಮಕ್ಕಳು ಆಡಲಿ. ಬಳಸುವ ವಸ್ತುವಿಗೆ ಧೂಳು ಕೂರುವುದು ಕಡಿಮೆ, ಅದಕ್ಕೇನಾದರೂ ಆದರೆ ಬೇಗ ಕಣ್ಣಿಗೂ ಬೀಳುತ್ತದೆ.

ಗೋಡೆಗೆ ಹಾಕುವ ಪಟದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತು ನೋಡುವವರಿಗೆ ಹದ. ಪಡುವಣ ಬಿಸಿಲು ಬೀಳುವ ಗೋಡೆ ಚಿತ್ರಕ್ಕೂ ಬಟ್ಟೆಗೂ ಬೀಟೆ ಮರಕ್ಕೂ ಆಗದು, ಬಣ್ಣ ಹೋಗುತ್ತದೆ. ಹಿತ್ತಾಳೆ, ಮರಕ್ಕೆ ಹಳದಿ ಛಾಯೆಯ 2700 ಕೆಲ್ವಿನ್ ಎಲ್‌ಇಡಿ ಹಾಕಿ. ಬಿಳಿ ಟ್ಯೂಬ್‌ಲೈಟಿನಲ್ಲಿ ಹಿತ್ತಾಳೆ ಪೇಲವವಾಗುತ್ತದೆ. ದೊಡ್ಡ ಹಂಡೆಯೊಳಗೆ ನೇರ ಮಣ್ಣು ತುಂಬಿ ಗಿಡ ನೆಡಬೇಡಿ. ಒದ್ದೆ ಮಣ್ಣಿಗೆ ಲೋಹ ಸವೆಯುತ್ತದೆ, ತಾಮ್ರ ಬೇರಿಗೂ ಒಳ್ಳೆಯದಲ್ಲ. ಒಳಗೆ ಇನ್ನೊಂದು ಕುಂಡ, ಅದರ ಕೆಳಗೆ ತಟ್ಟೆ ಇಡಿ.

ಉಯ್ಯಾಲೆ ತೂಗಲು ಫಾಲ್ಸ್ ಸೀಲಿಂಗ್ ನಂಬಬೇಡಿ. ಎಂಜಿನಿಯರ್ ನೋಡಿ ಹೇಳಿದ ಜಾಗದಲ್ಲಿ, ಆರ್‌ಸಿಸಿ ತೊಲೆಗೇ ಆಂಕರ್ ಬೋಲ್ಟ್ ಹಾಕಿಸಿ. ಹಳೆಯ ಹಿತ್ತಾಳೆ ಸರಪಳಿಯ ಒಂದೊಂದು ಕೊಂಡಿಯನ್ನೂ ನೋಡಿ. ಸವೆದದ್ದಿದ್ದರೆ ಅದು ಗೋಡೆಯ ಅಲಂಕಾರಕ್ಕೆ, ತೂಗಲು ಹೊಸದು.

ದಸರಾ ಗೊಂಬೆಗಳು ನಮ್ಮಲ್ಲಿ ವರ್ಷಕ್ಕೊಮ್ಮೆ ತಾವಾಗಿಯೇ ಹೊರಬರುವ ಹಳೆಯ ಸಂಗ್ರಹ. ಒಳಗಿಡುವಾಗ ನ್ಯೂಸ್‌ಪೇಪರ್ ನೇರ ಸುತ್ತಬೇಡಿ, ಮಸಿ ಹತ್ತುತ್ತದೆ. ಮೊದಲು ಬಟ್ಟೆ, ಮೇಲೆ ಬೇಕಾದರೆ ಪೇಪರ್. ಪಟ್ಟದ ಗೊಂಬೆಗಳನ್ನು ಡಬ್ಬದ ಮೇಲ್ಭಾಗದಲ್ಲಿಡಿ.

ಕಾನೂನು, ಮತ್ತು ವಿದೇಶಕ್ಕೆ ಒಯ್ಯುವವರಿಗೆ

ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1972ರದು. ಅದರ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಶಿಲ್ಪ, ಚಿತ್ರ, ಕುಶಲ ವಸ್ತುಗಳು ಪುರಾವಸ್ತು. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ. ಇವನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಗೆ ಕಳಿಸುವಂತಿಲ್ಲ. ಹಳೆಯ ಶಿಲ್ಪ, ಚಿತ್ರ, ಸಚಿತ್ರ ಹಸ್ತಪ್ರತಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ನೋಂದಾಯಿಸಬೇಕು. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗಳಿಗೆ ಅಜ್ಜಿಯ ದೀಪ ಕಳಿಸುವುದಾದರೆ, ಅದು ನೂರು ವರ್ಷದ ಒಳಗಿನದು ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಮೊದಲೇ ತೆಗೆದುಕೊಳ್ಳಿ. ವಿಮಾನ ನಿಲ್ದಾಣದಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಬೀಟೆ ಮರ ಸೈಟಿಸ್ ಪಟ್ಟಿಯಲ್ಲಿದೆ. ಅಳಿವಿನ ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಅದು. ಪೀಠೋಪಕರಣ ಸಾಗಿಸುವ ಮುಂಚೆ ಅದರ ಕಾಗದಪತ್ರವೂ ಬೇಕಾಗುತ್ತದೆಯೇ ಎಂದು ವಿಚಾರಿಸಿ.

ದಂತ ಬೇರೆ. ಹಳೆಯ ಮೈಸೂರು ಇನ್‌ಲೇ ಕೆಲಸದಲ್ಲಿ ಆನೆದಂತದ ತುಣುಕು ಇರಬಹುದು. ಮಲೆನಾಡು, ಕೊಡಗಿನ ಹಳೆ ಮನೆಗಳ ಗೋಡೆಯಲ್ಲಿ ಜಿಂಕೆ, ಕಡವೆಯ ಕೊಂಬು ಇರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವನ್ನು ಕೊಳ್ಳುವುದು, ಮಾರುವುದು ಅಪರಾಧ. ಪಿತ್ರಾರ್ಜಿತವಾಗಿ ಬಂದಿದ್ದರೂ ಮಾಲೀಕತ್ವದ ಪ್ರಮಾಣಪತ್ರ ಇದೆಯೇ ಎಂದು ಹಿರಿಯರನ್ನು ಕೇಳಿ. ಇಲ್ಲದಿದ್ದರೆ ವಕೀಲರ ಸಲಹೆ ಪಡೆದು ಅರಣ್ಯ ಇಲಾಖೆಗೆ ತಿಳಿಸಿ. ಗುಜರಿಯಲ್ಲಿ ಎಷ್ಟೇ ಕಡಿಮೆಗೆ ಸಿಕ್ಕರೂ ದಂತ ಕೊಳ್ಳಬೇಡಿ. ದೇವಸ್ಥಾನದ್ದಿರಬಹುದು ಎಂದು ಅನುಮಾನ ಬರುವ ವಿಗ್ರಹವನ್ನೂ ಅಷ್ಟೇ.

ಹೊರಗಿನಿಂದ ಕೊಳ್ಳುವ ಪ್ರತಿ ವಸ್ತುವಿಗೂ ಬಿಲ್ ಕೇಳಿ. ಅದು ಎಲ್ಲಿಂದ ಬಂತು ಎಂದು ಮಾರುವವರನ್ನು ಕೇಳಿ ಬರೆದುಕೊಳ್ಳಿ. ಒಂದು ನೋಟ್‌ಪುಸ್ತಕ ಸಾಕು. ವಸ್ತುವಿನ ಹೆಸರು, ಯಾರದು, ಯಾವ ಊರು, ಅಳತೆ, ಮೊದಲ ದಿನದ ಫೋಟೊ, ಯಾವ ವರ್ಷ ಏನು ಹಚ್ಚಿದಿರಿ. ಮುಂದೆ ಅದನ್ನು ರಿಪೇರಿ ಮಾಡುವವರಿಗೆ ನೀವು ಹಚ್ಚಿದ್ದು ಮೇಣವೋ ಲ್ಯಾಕರೋ ಎಂದು ಗೊತ್ತಿದ್ದರೆ ಅರ್ಧ ದಿನದ ಪರೀಕ್ಷೆ ಉಳಿಯುತ್ತದೆ. ಪುಸ್ತಕವನ್ನು ಅದೇ ಪೆಟ್ಟಿಗೆಯೊಳಗೆ ಇಡಿ. ಅದರ ಒಂದು ಪ್ರತಿಯನ್ನು ಫೋನಿನಲ್ಲಿ ತೆಗೆದು ಮನೆಯವರಿಗೂ ಕಳಿಸಿ.